ಚಿಕ್ಕಮ್ಮನ ಬಿಕ್ಕಳಿಕೆ

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಎಲ್ಲ ಊರುಗಳಲ್ಲೂ ಹೇಳುತ್ತಾರೆ, ಒಂದು ಲೋಟ ನೀರು ಕುಡಿದು ಮರೆತುಬಿಡುತ್ತಾರೆ. ನಮ್ಮೂರಲ್ಲಿ ಹಾಗೆ ಮರೆಯಲು ಆಗುವುದಿಲ್ಲ. ಇಲ್ಲಿ ಸತ್ತ ಹೆಂಗಸರನ್ನು ನೆನೆಸಿಕೊಂಡರೂ ಬಿಕ್ಕಳಿಕೆ ಬರುತ್ತದೆ. ಸತ್ತವರಿಗೆ ಗಂಟಲಿಲ್ಲವಲ್ಲ, ಆದ್ದರಿಂದ ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಯಾರು ಊರಲ್ಲಿ ಉಳಿದಿದ್ದಾರೋ ಅವರಿಗೆ ಬರುತ್ತದೆ. ಮೊದಲನೇ ಸಲ ನಾಲ್ಕು ಜನರ ಮುಂದೆ ಅವಳ ಹೆಸರನ್ನೂ ಅವಳು ಮಾಡಿದ ಕೆಲಸವನ್ನೂ ಸೇರಿಸಿ ಹೇಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಇಲ್ಲ. ಹಾಗೆ ಒಮ್ಮೆ ಪತ್ತೆಯಾದ ಮೇಲೆ ಯಾರು ಯಾವಾಗ ಹೆಸರು ಹಿಡಿದು ಕೂಗಿದರೂ ಒಂದು ಬಿಕ್ಕು ಬಂದೇ ಬರುತ್ತದೆ. ಗಂಡಸರ ಕತೆ ಹೇಳಿದರೆ ಮಾತ್ರ ಯಾರಿಗೂ ಏನೂ ಆಗುವುದಿಲ್ಲ. ಅವರಿಗೆ ಕಲ್ಲು ನಿಲ್ಲಿಸಿದ್ದಾರೆ, ಬೀದಿಗೆ ಹೆಸರಿಟ್ಟಿದ್ದಾರೆ, ಮೇಲೆ ಬಿಕ್ಕಳಿಕೆ ಬೇರೆ ಯಾಕೆ ಎಂದು ನಾನು ಅಂದುಕೊಂಡಿದ್ದೇನೆ.

ಕತೆ ಹೇಳುವುದು ಬುಧವಾರ, ಸಂತೆ ಮುಗಿದ ಮೇಲೆ, ಹಳೇ ಸುಂಕದಕಟ್ಟೆಯ ಮೇಲೆ. ಕೊನೆಗೆ ಎಲ್ಲರೂ ಸೇರಿ "ಕೇಳಿದೆವು ತಾಯಿ, ಹೋಗಿ ಬಾ" ಎನ್ನುವವರೆಗೆ ಬಿಕ್ಕಳಿಕೆ ನಿಲ್ಲುವುದಿಲ್ಲ. ಅದಕ್ಕೇ ಬುಧವಾರ ಮಧ್ಯಾಹ್ನ ಕ್ಷೌರದಂಗಡಿ ಬಾಗಿಲು ಹಾಕಿರುತ್ತದೆ. ಕತ್ತಿ ಗಂಟಲ ಮೇಲಿರುವಾಗ ಯಾರದೋ ಮುತ್ತಜ್ಜಿಯ ನೆನಪಾದರೆ ಕಷ್ಟ. ಗಂಡು ಹೆಣ್ಣು ನೋಡುವವರು ಜಾತಕಕ್ಕೆ ಮೊದಲು ಎರಡು ಬುಧವಾರ ಇಬ್ಬರನ್ನೂ ಕಟ್ಟೆಯ ಮುಂದೆ ಕೂರಿಸುತ್ತಾರೆ. ಒಂದೇ ಕತೆಗೆ ಇಬ್ಬರೂ ಬಿಕ್ಕಿದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಎಣ್ಣೆ ಅಂಗಡಿಯ ಶೆಟ್ಟರು ಒಬ್ಬ ಸೂಲಗಿತ್ತಿಯ ಕತೆಗೆ ಕಾಲು ಗಂಟೆ ಬಿಕ್ಕಿದ್ದು ಇನ್ನೂ ಜನರ ಬಾಯಲ್ಲಿದೆ. ಆಮೇಲಿನಿಂದ ಅವರು ಬುಧವಾರ ಪಕ್ಕದೂರಿಗೆ ಹೋಗಿಬಿಡುತ್ತಾರೆ.

ನಾನು ಸರ್ವಮಂಗಳ. ರವಿಕೆ ಹೊಲಿಯುತ್ತೇನೆ. ಮದುವೆಯಾಗಲಿಲ್ಲ, ದೊಡ್ಡಪ್ಪನ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು, ನನ್ನ ಮಂಚ. ಅಳತೆ ಟೇಪು ಹಿಡಿದು ತೋಳೆತ್ತಿಸಿದರೆ ಸಾಕು, ಹೆಂಗಸರು ಗಂಡನಿಗೂ ಹೇಳದ್ದನ್ನು ಹೇಳುತ್ತಾರೆ. ತಮ್ಮದನ್ನು ಹೇಳಿ ಮುಗಿದ ಮೇಲೆ ತಮ್ಮ ಅಜ್ಜಿಯದನ್ನು ಹೇಳುತ್ತಾರೆ. ಹಾಗೆ ಕೇಳಿಕೊಂಡ ಕತೆಗಳೇ ನನ್ನನ್ನು ಕಟ್ಟೆಯ ಮೇಲೆ ಹತ್ತಿಸಿದವು. ಹನ್ನೆರಡು ವರ್ಷದಿಂದ ಹೇಳುತ್ತಿದ್ದೇನೆ. ಕೆರೆಯ ತೂಬು ಒಡೆದಾಗ ಸೀರೆ ತುರುಕಿ ನಿಂತವಳು, ನಾಟಕದ ಕಂಪನಿಗೆ ಹಾಡು ಕಟ್ಟಿಕೊಟ್ಟು ಹೆಸರಿಲ್ಲದೆ ಹೋದವಳು, ಮೊದಲ ಸಲ ಹೆಣ್ಣುಮಕ್ಕಳನ್ನು ಹಟ್ಟಿಯಲ್ಲಿ ಕೂರಿಸಿ ಅಕ್ಷರ ತಿದ್ದಿಸಿದವಳು. ಪ್ರತಿ ಸಲವೂ ಗುಂಪಿನಲ್ಲಿ ಎಲ್ಲೋ ಒಬ್ಬರು "ಹಿಕ್" ಎನ್ನುತ್ತಾರೆ. ಜನ ಅತ್ತ ತಿರುಗುತ್ತಾರೆ. ಬಿಕ್ಕಿದವರ ಮುಖದಲ್ಲಿ ಮೊದಲು ನಾಚಿಕೆ, ಆಮೇಲೆ ಎಂಥದೋ ಜಂಬ. ಅದನ್ನು ನೋಡುವುದೇ ನನಗೆ ಸಂಬಳ.

ದೇವೀರಕ್ಕನಿಗೆ ಮಾತ್ರ ಒಂದು ಸಲವೂ ಬರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಹಸುಗೂಸಾಗಿದ್ದಾಗ ನೇಕಾರರ ನೂಲಿನ ಬುಟ್ಟಿಯಲ್ಲಿ ಸಿಕ್ಕಿದವಳು. ಊರಿನವರು ಕೈಯಿಂದ ಕೈಗೆ ಸಾಕಿದರು, ಈಗ ಹಪ್ಪಳ ಒತ್ತಿ ಬದುಕುತ್ತಾಳೆ. ಮೂವತ್ತೊಂದು ವರ್ಷದಿಂದ, ಅಂದರೆ ನನಗಿಂತ ಹಿಂದಿನ ಕತೆಗಾರ್ತಿಯ ಕಾಲದಿಂದ, ಮುಂದಿನ ಸಾಲಿನಲ್ಲಿ ಅವಳ ಚಾಪೆ ತಪ್ಪಿದ್ದಿಲ್ಲ. ಬಾಯಿ ಅರೆ ತೆರೆದು, ಕತ್ತು ಮುಂದೆ ಚಾಚಿ ಕಾಯುತ್ತಾಳೆ. ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಪಿತೃಪಕ್ಷದಲ್ಲಿ ಎಲ್ಲರ ಮನೆಯಲ್ಲೂ ಹೋದವರ ಹೆಸರು ಹೇಳಿ ಎಡೆ ಇಡುತ್ತಾರೆ. ದೇವೀರಕ್ಕ ಪ್ರತಿ ವರ್ಷ ಅಡುಗೆ ಮಾಡುತ್ತಾಳೆ, ಎಲೆ ಹಾಕುತ್ತಾಳೆ, ಹೆಸರಿಲ್ಲದೆ ಎಲೆ ಮಡಚುತ್ತಾಳೆ.

ಈ ವರ್ಷ ಪಕ್ಷಕ್ಕೆ ಮೂರು ವಾರ ಇರುವಾಗ ರವಿಕೆ ಹಿಂಜಿದ್ದನ್ನು ಸರಿಮಾಡಿಸಲು ಬಂದಳು. "ಒಂದು ಹೆಸರು ಸಾಕು ಕಣೆ ಮಂಗಳ. ಒಳ್ಳೇದೋ ಕೆಟ್ಟದ್ದೋ, ಒಂದು ಹೆಸರು. ಈ ಪಕ್ಷದೊಳಗೆ ಬರ್ದಿದ್ರೆ ನಾನು ಕಟ್ಟೆ ಕಡೆ ಬರೋದು ಬಿಟ್ಬಿಡ್ತೀನಿ. ಬೇರೆಯೋರು ಬಿಕ್ಕೋದು ನೋಡಿ ನೋಡಿ ಸಾಕಾಯ್ತು" ಎಂದಳು. ಹಾಗಂದವಳು ಅಳಲಿಲ್ಲ. ಅತ್ತದ್ದು ನಾನು.

ನನ್ನ ತಲೆಯಲ್ಲಿ ಒಂದು ಕತೆ ಇತ್ತು. ನಮ್ಮೂರಿಗೆ ವಾಂತಿಭೇದಿ ಬಡಿದ ವರ್ಷ, ಯಾರಿಗೂ ಕಾರಣ ಗೊತ್ತಿಲ್ಲದಿದ್ದಾಗ, ನೀರು ಬಾಯಿಗೆ ಹಾಕಿ ಉಗುಳಿ ಯಾವ ಬಾವಿ ಕೆಟ್ಟಿದೆ ಎಂದು ಹೇಳಿದ ಹೆಂಗಸೊಬ್ಬಳಿದ್ದಳು. ಹೇಳಿದರೆ ಯಾರೂ ಕೇಳಲಿಲ್ಲ. ಬೆಳಗಾಗುವ ಮೊದಲೇ ಹೋಗಿ ಹನ್ನೊಂದು ಬಾವಿಗಳ ಬಾಯಿಗೆ ಜಾಲಿಮುಳ್ಳು ಕಟ್ಟಿದಳು. ಬಾವಿಯ ಒಡೆಯರು ಹೊಡೆದರು, ಕಿತ್ತರು. ಮರುದಿನ ಮತ್ತೆ ಕಟ್ಟಿದಳು. ಅರ್ಧ ಊರು ಉಳಿದದ್ದು ಆ ಮುಳ್ಳಿನಿಂದ. ಚಾವಡಿಯ ಕಲ್ಲಿನ ಮೇಲೆ "ಪಟೇಲ್ ಕರಿಗೌಡರು ಬಾವಿಗಳನ್ನು ಮುಚ್ಚಿಸಿ ಪ್ರಜೆಗಳನ್ನು ಕಾಪಾಡಿದರು" ಎಂದು ಕೆತ್ತಿದೆ. ಕರಿಗೌಡರು ನನ್ನ ಮುತ್ತಜ್ಜ. ಮುಳ್ಳು ಕಟ್ಟಿದವಳು ಅವರ ಮನೆಯಲ್ಲೇ, ನಮ್ಮ ಹಿತ್ತಲ ಕೋಣೆಯಲ್ಲೇ ಇದ್ದ ಚಿಕ್ಕಮ್ಮ. ದೂರದ ಸಂಬಂಧಿಯೋ, ಕೆಲಸದವಳೋ, ಮನೆಯಲ್ಲಿ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಎಂಬತ್ತೆಂಟು ವರ್ಷದ ದೊಡ್ಡಪ್ಪ ಮಾತ್ರ ಒಂದು ಸಲ ಎಲೆಅಡಿಕೆ ಜಗಿಯುತ್ತಾ ಬಾಯಿ ಬಿಟ್ಟಿದ್ದ. "ಒಂದು ಗಂಡು ಕೂಸು ಹೆತ್ತಿದ್ಲಂತೆ. ಕೊಟ್ಬಿಟ್ರಂತೆ."

ಕೊಟ್ಟುಬಿಟ್ಟರು ಎಂದರೆ ಊರಲ್ಲೇ ಯಾರಿಗೋ ಕೊಟ್ಟಿರಬೇಕು. ಆ ಕೂಸಿನ ಮಗಳೋ ಮೊಮ್ಮಗಳೋ ನೂಲಿನ ಬುಟ್ಟಿಗೆ ಬಂದಿರಬಾರದೇಕೆ? ನಾನು ಹೀಗೆ ಬಟ್ಟೆಯ ಚೂರುಗಳನ್ನು ಜೋಡಿಸಿ ಅಂಗಿ ಮಾಡಿಕೊಂಡಿದ್ದೆ. ಎರಡು ಬುಧವಾರ ಚಿಕ್ಕಮ್ಮನ ಕತೆ ಹೇಳಿದೆ. ಮೊದಲನೇ ಸಲ ಯಾರಿಗೂ ಬಿಕ್ಕಳಿಕೆ ಬರಲಿಲ್ಲ. ನನಗೆ ಗಾಬರಿ. ಎರಡನೇ ವಾರ ಇನ್ನೂ ಚೆನ್ನಾಗಿ, ಹೊಡೆತ ತಿಂದದ್ದನ್ನೆಲ್ಲ ಬಿಡಿಸಿ ಹೇಳಿದೆ. ಜನ ಕಣ್ಣೊರೆಸಿಕೊಂಡರು, ಗಂಟಲು ಮಾತ್ರ ಒಂದೂ ಅಲುಗಲಿಲ್ಲ. ಎದ್ದು ಹೋಗುವಾಗ ಯಾರೋ "ಮಂಗಳಕ್ಕ ಈಗ ಕತೆ ಕಟ್ಟೋಕೆ ಶುರು ಮಾಡವ್ಳೆ" ಎಂದದ್ದು ಕಿವಿಗೆ ಬಿತ್ತು. ಕಪಾಳಕ್ಕೆ ಬಿಟ್ಟ ಹಾಗಾಯಿತು. ಕಲ್ಲು ಸುಳ್ಳೋ, ದೊಡ್ಡಪ್ಪ ಸುಳ್ಳೋ, ನಾನೇ ಸುಳ್ಳೋ ಗೊತ್ತಾಗದೆ ಆ ವಾರ ಎರಡು ರವಿಕೆಗೆ ಎಡದ ತೋಳೇ ಎರಡೆರಡು ಹೊಲಿದುಬಿಟ್ಟೆ.

ಆಗ ಬಂದವಳು ಪುಷ್ಪವತಿ ಅನ್ನುವ ಮದುವಣಗಿತ್ತಿ. ಧಾರೆಯ ರವಿಕೆಗೆ ಅಳತೆ ಕೊಡುತ್ತಾ, "ನಮ್ ಚಿಕ್ಕಮ್ಮನಿಗೂ ಒಂದು ಹೊಲೀಬೇಕಂತೆ, ನಾಳೆ ಬತ್ತಾರೆ" ಎಂದಳು. ಹೆಸರು ಬರೆದುಕೊಳ್ಳೋಣವೆಂದು "ಅವರ ಹೆಸರೇನವ್ವ?" ಎಂದೆ. ಹುಡುಗಿ ಬಾಯಿ ತೆರೆದಳು, ಮುಚ್ಚಿದಳು, ನಕ್ಕಳು. "ಅಯ್ಯೋ, ಚಿಕ್ಕಮ್ಮ ಅಂತಾನೇ ಅಲ್ವಾ? ನಾನು ಯಾವತ್ತೂ ಕೇಳೇ ಇಲ್ಲ ಆಂಟಿ. ನಮ್ಮಪ್ಪನೂ ಏ ಇವಳೇ ಅಂತಾರೆ ಅಷ್ಟೇ."

ನನ್ನ ಕೈಯಲ್ಲಿದ್ದ ಗುಂಡುಸೂಜಿ ಬೆರಳಿಗೆ ನೆಟ್ಟಿತು. ನಮ್ಮೂರಲ್ಲಿ ಚಿಕ್ಕಮ್ಮ ಎಂಬ ಹೆಸರಿನವರು ಬೀದಿಗೆ ಇಬ್ಬರಿದ್ದಾರೆ, ಆದ್ದರಿಂದ ಅದನ್ನು ಹೆಸರೆಂದೇ ನಂಬಿ ಕತೆ ಹೇಳಿಬಿಟ್ಟಿದ್ದೆ. ಅದು ಹೆಸರೇ ಅಲ್ಲ. ಯಾರೋ ಒಬ್ಬರು ಅವಳನ್ನು ಚಿಕ್ಕಮ್ಮ ಎಂದು ಕರೆದರು, ಅದು ಮನೆಯವರ ಬಾಯಲ್ಲಿ ನಿಂತಿತು, ಹೆಸರು ಎತ್ತಲೋ ಹೋಯಿತು. ಇಷ್ಟು ವರ್ಷ ಊರವರ ಅಜ್ಜಿಯರ ಹೆಸರು ಹೆಕ್ಕಿದವಳಿಗೆ ಹಿತ್ತಲ ಗಿಡ ಮದ್ದಲ್ಲ.

ಊಟಕ್ಕೆ ಕೂತಿದ್ದ ದೊಡ್ಡಪ್ಪನ ಮುಂದೆ ಹೋಗಿ ಕುಕ್ಕರಿಸಿದೆ. "ದೊಡ್ಡಪ್ಪ, ಚಿಕ್ಕಮ್ಮನ ಹೆಸರೇನು?"

"ಚಿಕ್ಕಮ್ಮ ಅಂದ್ರೆ ಚಿಕ್ಕಮ್ಮ."

"ಯಾರಿಗೆ ಚಿಕ್ಕಮ್ಮ?"

"ನಮ್ಮಪ್ಪನಿಗೆ. ನಮ್ಮಪ್ಪ ಚಿಕ್ಕಮ್ಮ ಅಂತಿದ್ದ, ಅದಕ್ಕೆ ನಾವೂ ಚಿಕ್ಕಮ್ಮ ಅಂತಿದ್ವಿ. ಉಣ್ಣೋಕೆ ಬಿಡು."

ಬಿಡಲಿಲ್ಲ. ಮುದ್ದೆ ಮುರಿದ. ಆಮೇಲೆ ಗೋಡೆ ನೋಡುತ್ತಾ ಹೇಳಿದ. "ಮನೆ ಒಳಗೆ ಯಾರೂ ಹೆಸರು ಹಿಡೀತಿರ್ಲಿಲ್ಲ ಮಗ. ಹಿತ್ತಲಿಗೆ ಸೊಪ್ಪು ಮಾರೋಳೊಬ್ಳು ಬರೋಳು. ಅವ್ಳು ಮಾತ್ರ ಬೇಲಿ ಆಚೆಯಿಂದ 'ಹೊನ್ನೀ, ಇದ್ದೀಯೇನೇ' ಅಂತ ಕೂಗೋಳು. ನಾನು ಆರು ವರ್ಷದೋನು. ಯಾರನ್ನ ಕೂಗ್ತಾಳೆ ಇವ್ಳು ಅಂತ ಅಂದ್ಕೊಳ್ತಿದ್ದೆ."

ಹೊನ್ನಿ. ಎರಡೇ ಅಕ್ಷರ. ನಾನು ಅದನ್ನು ಬಾಯಲ್ಲಿಟ್ಟುಕೊಂಡು ಬುಧವಾರದವರೆಗೆ ಯಾರ ಹತ್ತಿರವೂ ಹೆಚ್ಚು ಮಾತಾಡಲಿಲ್ಲ.

ಪಕ್ಷಕ್ಕೆ ಮುಂಚಿನ ಕೊನೆಯ ಬುಧವಾರ ಅದು. ದೇವೀರಕ್ಕನಿಗೆ ನಾನು ಏನೂ ಹೇಳಿರಲಿಲ್ಲ, ಆದರೆ ನನ್ನ ಮುಖ ಹೇಳಿರಬೇಕು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಮೂರನೇ ಸಲವೂ ಅದೇ ಕತೆ ಎಂದು ಗೊತ್ತಾದಾಗ ಹಿಂದಿನ ಸಾಲಿನವರು ಗೊಣಗಿದರು. ನಾನು ಲೆಕ್ಕಿಸಲಿಲ್ಲ. ಬಾವಿ, ಕಾಯಿಲೆ, ಉಗುಳಿದ ನೀರು, ಎಲ್ಲ ಹೇಳಿಕೊಂಡು ಬಂದು ದೇವೀರಕ್ಕನ ಮುಖವನ್ನೇ ನೋಡುತ್ತಾ ಹೇಳಿದೆ. "ಹನ್ನೊಂದು ಬಾವಿಗೆ ಮುಳ್ಳು ಕಟ್ಟಿದವಳು ಚಿಕ್ಕಮ್ಮ ಅಲ್ಲ. ಅವಳ ಹೆಸರು ಹೊನ್ನಿ."

"ಹಿಕ್" ಎಂದಿತು.

ಎಲ್ಲರೂ ಸುತ್ತ ನೋಡಿದರು. ನಾನೂ ನೋಡಿದೆ. ದೇವೀರಕ್ಕ ತನ್ನ ಕೊರಳ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು, ಕೊರಳು ಸುಮ್ಮನಿತ್ತು. ಮತ್ತೆ "ಹಿಕ್" ಎಂದಿತು. ಆಗ ತಿಳಿಯಿತು, ಎಲ್ಲರೂ ನೋಡುತ್ತಿರುವುದು ನನ್ನನ್ನು. ಬಿಕ್ಕುತ್ತಿರುವವಳು ನಾನು.

ಹೇಳುವವಳಿಗೇ ಬಿಕ್ಕಳಿಕೆ ಬಂದದ್ದು ನಮ್ಮ ಕಟ್ಟೆಯ ಮೇಲೆ ಅದೇ ಮೊದಲು. ಒಂದು ಮಾತು ಪೂರ್ತಿ ಬಾಯಿಂದ ಹೊರಡದು. ನನಗೆ ಏನು ಅರ್ಥವಾಗಬೇಕೋ ಅದು ಅರ್ಥವಾಗಲಿಲ್ಲ. ದೇವೀರಕ್ಕನ ಪಾಲಿನ ಅನ್ನವನ್ನು ಅವಳ ಎದುರಿಗೇ ಕಿತ್ತು ತಿಂದೆನಲ್ಲ ಎಂಬುದೊಂದೇ ಅರ್ಥವಾಯಿತು. ಕಟ್ಟೆಯಿಂದ ಇಳಿದು ಓಡೋಣವೆಂದರೆ ಕತೆ ಮುಗಿಯದೆ ಬಿಕ್ಕಳಿಕೆ ನಿಲ್ಲುವುದಿಲ್ಲ. ಮುಗಿಸೋಣವೆಂದರೆ ಗಂಟಲು ಬಿಡುವುದಿಲ್ಲ.

ಆಗ ದೇವೀರಕ್ಕ ಎದ್ದಳು. ಮಂಡಿ ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿದಳು. ನನ್ನನ್ನು ಪಕ್ಕಕ್ಕೆ ಸರಿಸಿ ಜನರ ಕಡೆ ತಿರುಗಿ ನಿಂತಳು. ಮೂವತ್ತೊಂದು ವರ್ಷ ಕೇಳಿದವಳಿಗೆ ಹೇಳಲು ಬರದೆ ಇರುತ್ತದೆಯೇ? "ಹೊಡೆದ್ರು, ಕಿತ್ತಾಕಿದ್ರು, ಮತ್ತೆ ಕಟ್ಟಿದ್ಲು" ಎಂದು ನಾನು ಬಿಟ್ಟಲ್ಲಿಂದ ಹಿಡಿದಳು. "ಅವ್ಳಿಗೊಂದು ಗಂಡು ಕೂಸು ಹುಟ್ತು. ಅದನ್ನ ಕೊಟ್ಬಿಟ್ರು." ಅಲ್ಲಿ ನಿಂತು ನನ್ನ ಕಡೆ ನೋಡಿದಳು. ನಾನು ಬಿಕ್ಕಿದೆ. ಅವಳ ಮುಖದಲ್ಲಿ ಏನೋ ತಿಳಿಯಾಯಿತು. "ಪಟೇಲ್ರ ಮರಿಮಗಳೇ ಬಿಕ್ತಾವ್ಳೆ ನೋಡಿ. ದೂರ ಎಲ್ಲೂ ಕೊಡ್ಲಿಲ್ಲ ಕಣ್ರವ್ವ. ಹಿತ್ತಲ ಕೋಣೆಯಿಂದ ನಡುಮನೆಗೆ ಕೊಟ್ರು. ಪಟೇಲ್ರ ಹೆಂಡ್ತಿಗೆ ಮಕ್ಕಳಿರ್ಲಿಲ್ಲ. ಆ ಕೂಸಿಗೆ ಅವ್ವ ಅಂತ ಆಯಮ್ಮನ್ನ ತೋರ್ಸಿದ್ರು. ಹೆತ್ತೋಳನ್ನ ಚಿಕ್ಕಮ್ಮ ಅನ್ನು ಅಂತ ಕಲ್ಸಿದ್ರು. ಮಗ ಮಾತು ಕಲ್ತ, ಚಿಕ್ಕಮ್ಮ ಅಂದ. ಮಗನ ಮಕ್ಕಳೂ ಚಿಕ್ಕಮ್ಮ ಅಂದ್ರು. ಅವ್ಳು ಓ ಅಂದ್ಲು."

ಕೊನೆಯ ಮಾತನ್ನು ಹೇಳಿಕೊಡಬೇಕಾದವಳು ನಾನು, ನನ್ನಿಂದ ಆಗಲಿಲ್ಲ. ದೇವೀರಕ್ಕನೇ ಹೇಳಿಕೊಟ್ಟಳು, ಜನ ಹೇಳಿದರು. "ಕೇಳಿದೆವು ತಾಯಿ, ಹೋಗಿ ಬಾ." ನನ್ನ ಬಿಕ್ಕಳಿಕೆ ನಿಂತಿತು. ದೇವೀರಕ್ಕ ಇಳಿದು ಚಾಪೆ ಸುತ್ತಿಕೊಂಡಳು. ನಾನು ತೋಳು ಹಿಡಿದು "ಅಕ್ಕ, ನಾನು ನಿನಗೆ ಅಂತಲೇ" ಎಂದೆ. "ಗೊತ್ತು ಕಣೆ" ಎಂದಳು. ಚಾಪೆಯನ್ನು ಯಾವತ್ತೂ ಕಟ್ಟೆಯ ಮೂಲೆಯಲ್ಲೇ ಬಿಟ್ಟು ಹೋಗುವವಳು ಅಂದು ಮನೆಗೆ ತೆಗೆದುಕೊಂಡು ಹೋದಳು.

ಮನೆಗೆ ಬಂದರೆ ದೊಡ್ಡಪ್ಪ ಚೊಂಬು ಹಿಡಿದು ಕೂತಿದ್ದ. ದೊಡ್ಡಪ್ಪನ ಮಗ, ನನ್ನ ಅಣ್ಣನೂ ಅವನ ಇಬ್ಬರು ಹೆಣ್ಣುಮಕ್ಕಳೂ ಸುಸ್ತಾಗಿ ಗೋಡೆಗೆ ಒರಗಿದ್ದರು. ಹೊರಗಿನಿಂದ ಬಂದ ಸೊಸೆಯಾದ್ದರಿಂದ ದೊಡ್ಡಮ್ಮ ಒಬ್ಬಳು ಚೆನ್ನಾಗಿದ್ದಳು. "ಇವರಿಗೆಲ್ಲಾ ಅರ್ಧ ಗಂಟೆಯಿಂದ ಏನಾಯ್ತೇ? ಯಾರ ಕತೆ ಹೇಳ್ದೆ?" ಎಂದಳು. ನಾನು ಹೇಳಿದೆ. ದೊಡ್ಡಪ್ಪ "ನಂಗೆ ಬಂದದ್ದು ಅದಲ್ಲ, ಮೆಣಸಿನಕಾಯಿ ನೆತ್ತಿಗೇರಿತ್ತು" ಎಂದ. ಮಧ್ಯಾಹ್ನ ಅವನು ಉಂಡದ್ದು ಮೊಸರನ್ನ.

ಆ ದಿನಗಳಲ್ಲಿ ನನಗೆ ಯಾರನ್ನು ಏನೆಂದು ಕರೆಯಬೇಕೋ ತಿಳಿಯುತ್ತಿರಲಿಲ್ಲ. ನಡುಮನೆಯಲ್ಲಿ ಫೋಟೋ ಇರುವ, ಕರಿಗೌಡರ ಹೆಂಡತಿ ನಿಂಗಾಜಮ್ಮ ಇಷ್ಟು ವರ್ಷ ನನಗೆ ಮುತ್ತಜ್ಜಿ. ಅವಳ ಹಾಗೇ ನನ್ನ ಮೂಗು ಎಂದು ಹೇಳುತ್ತಿದ್ದರು. ಈಗ ಆ ಮೂಗು ಯಾರದು? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದಂತಾಯಿತು ನನ್ನ ಪಾಡು, ಸಿಕ್ಕಿದ ಮೇಲೂ ಯಾರ ಕೂಸು ಎಂದು ಗೊತ್ತಾಗದು. ಪಕ್ಷದ ಎಡೆಯ ಮಾತು ಬಂದಾಗ ಹೊನ್ನಿಗೂ ಒಂದು ಎಲೆ ಹಾಕೋಣವೆಂದೆ. ದೊಡ್ಡಪ್ಪ ಕೂಗಾಡಲಿಲ್ಲ. ನಿಜವಾಗಿ ದಿಕ್ಕುತಪ್ಪಿದವನ ಹಾಗೆ ಕೇಳಿದ. "ಏನಂತ ಇಡ್ಲಿ ಮಗ? ಅಜ್ಜಿ ಅಂತ ಇಟ್ರೆ ನಿಂಗಾಜಮ್ಮ ಯಾರಾಗ್ತಾಳೆ? ಚಿಕ್ಕಮ್ಮ ಅಂತ ಇಟ್ರೆ, ಅದೇ ತಪ್ಪು ಅಂತೀಯ. ಅವ್ಳಿಗೇ ಗೊತ್ತಾಗ್ದೆ ಎಲೆ ಮುಂದೆ ನಿಂತ್ಕೊಂಡ್ರೆ ಏನ್ ಮಾಡ್ಲಿ?"

ಎಡೆಯ ದಿನ ಬೆಳಿಗ್ಗೆ ದೇವೀರಕ್ಕ ನಮ್ಮ ಜಗಲಿಯ ಮುಂದೆ ಬಂದು ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. ದೊಡ್ಡಪ್ಪನನ್ನೇ ಕರೆಸಿದಳು.

"ಗೌಡ್ರೇ, ನಿಮ್ಮನೇಲಿ ಇವತ್ತು ಎಷ್ಟು ಎಲೆ ಹಾಕ್ತೀರ?"

"ಐದು" ಎಂದ ದೊಡ್ಡಪ್ಪ.

"ಹೊನ್ನಿದು ಸೇರ್ಸಿ ಐದೋ, ಬಿಟ್ಟು ಐದೋ?"

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡ. "ಬಿಟ್ಟು."

"ಹಂಗಾದ್ರೆ ಆ ಹೆಸ್ರು ನಂಗೆ ಕೊಟ್ಬಿಡಿ. ನಿಮ್ಮತ್ರ ಐದು ಅದಾವೆ. ನನ್ನತ್ರ ಒಂದೂ ಇಲ್ಲ."

ಅವಳು ಬೇಡಿದ ಹಾಗಿರಲಿಲ್ಲ, ಎರವಲು ಕೊಟ್ಟ ಒನಕೆ ವಾಪಸು ಕೇಳಿದ ಹಾಗಿತ್ತು. ದೊಡ್ಡಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಕೊನೆಗೆ ಅವನು "ತಗೊಂಡೋಗು ದೇವೀರಿ" ಎಂದು ಒಳಗೆ ಹೋದ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲಾರೆ. ಚಪ್ಪಲಿ ಮೆಟ್ಟಿ ದೇವೀರಕ್ಕನ ಹಿಂದೆ ಹೋದೆ.

ಅವಳದು ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಮನೆ. ನಡುವೆ ನಮ್ಮ ಹಿತ್ತಲ ಬೇಲಿ, ಅಷ್ಟೇ. ಹೋದವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕು, ಹೊನ್ನಿಗೆ ಏನು ಇಷ್ಟವೆಂದು ಯಾರಿಗೆ ಗೊತ್ತು? ಅವಳಿಗೆ ಒಬ್ಬ ಗೆಳತಿ ಇದ್ದಳು, ಆ ಗೆಳತಿ ಸೊಪ್ಪು ಮಾರುತ್ತಿದ್ದಳು. ನಮಗೆ ತಿಳಿದಿದ್ದು ಅಷ್ಟೇ. ಇಬ್ಬರೂ ಸೇರಿ ದಂಟಿನ ಸೊಪ್ಪಿನ ಪಲ್ಯ, ಮಸ್ಸೊಪ್ಪು, ಮುದ್ದೆ ಮಾಡಿದೆವು. ದೇವೀರಕ್ಕ ಎಲೆ ಹಾಕಿ ಬಡಿಸಿದಳು. ಧೂಪ ಹಾಕಿದಳು. ಎಲ್ಲ ಆದ ಮೇಲೆ ಎಲೆಯ ಮುಂದೆ ಸುಮ್ಮನೆ ನಿಂತಳು.

"ಕೂಗಕ್ಕ" ಎಂದೆ.

"ಹೆಂಗೆ ಕೂಗೋದು?" ಎಂದಳು. "ನೀವೆಲ್ಲ ಅವ್ವನ್ನ ಕೂಗಿದ್ದೀರ. ನಾನು ಯಾರನ್ನೂ ಕೂಗಿಲ್ಲ. ಗಟ್ಟಿಯಾಗಿ ಕೂಗೋದೋ, ಮೆಲ್ಲಗೋ?"

ನಾನು ದಿನಕ್ಕೆ ನೂರು ಸಲ ಕೂಗಿ ಬೆಳೆದವಳು, ಹೇಗೆ ಎಂದು ಕೇಳಿದರೆ ಗೊತ್ತಿಲ್ಲ. "ಹಸಿವಾದಾಗ ಕೂಗಿದ ಹಾಗೆ" ಎಂದೆ. ಅಷ್ಟೇ ಹೊಳೆದದ್ದು.

ದೇವೀರಕ್ಕ ಕಣ್ಣು ಮುಚ್ಚಿ ಕೂಗಿದಳು. "ಅವ್ವಾ! ಹೊನ್ನವ್ವಾ! ಉಣ್ಣೋಕೆ ಬಾ!" ಹಪ್ಪಳ ಒತ್ತುವ ಈ ಮುದುಕಿಯ ಎದೆಯಲ್ಲಿ ಅಷ್ಟು ದೊಡ್ಡ ಧ್ವನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಬಿಕ್ಕಿದೆ. ಬೇಲಿಯಾಚೆ ನಮ್ಮ ಮನೆಯಿಂದಲೂ ಒಂದು ಬಿಕ್ಕು ಕೇಳಿತು. ಅವಳಿಗೆ ಮಾತ್ರ ಬರಲಿಲ್ಲ. ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಮತ್ತೆ ಕೂಗಿದಳು, ಮತ್ತೆ ಕೂಗಿದಳು. ನೀರು ಕುಡಿಯಬೇಕೆಂದು ನನಗೆ ಅನಿಸಲೇ ಇಲ್ಲ.

ಆರನೆಯದೋ ಏಳನೆಯದೋ ಕೂಗಿಗೆ ಬಾಗಿಲಲ್ಲಿ ನೆರಳಾಯಿತು. ದೊಡ್ಡಪ್ಪ. ಮೊಮ್ಮಗಳ ಹೆಗಲು ಹಿಡಿದುಕೊಂಡು ಬರಿಗಾಲಲ್ಲಿ ಬಂದಿದ್ದ. ಬೈಯಲು ಬಂದನೇನೋ ಎಂದು ನಾನು ಎದ್ದು ನಿಂತೆ. ಅವನು ಹೊಸಿಲಿನ ಆಚೆಯೇ ನಿಂತು ಎಲೆಯನ್ನು ನೋಡಿದ, ಸೊಪ್ಪನ್ನು ನೋಡಿದ. ಕಣ್ಣಲ್ಲಿ ನೀರಿತ್ತು, ಬಿಕ್ಕಳಿಕೆಯದೋ ಬೇರೆಯದೋ.

"ನಂಗೂ ಕೂಗ್ಬೇಕು ಅನ್ಸುತ್ತೆ" ಎಂದ. "ಏನಂತ ಕೂಗ್ಲಿ?"

"ನಂಗೆ ಅವ್ವ" ಎಂದಳು ದೇವೀರಕ್ಕ. "ನಿಮ್ಮಪ್ಪನಿಗೂ ಅವ್ವ. ನೀವೇ ಲೆಕ್ಕ ಹಾಕ್ಕೊಳಿ."

ದೊಡ್ಡಪ್ಪ ಬೆರಳು ಮಡಿಚಿದ, ಬಿಡಿಸಿದ. ತುಟಿ ಅಲುಗುತ್ತಿತ್ತು. ಹೊನ್ನಿ ಕಣ್ಣು ಮುಚ್ಚಿ ಎಷ್ಟೋ ವರ್ಷಕ್ಕೆ ಹುಟ್ಟಿದವಳು ಈ ದೇವೀರಕ್ಕ, ದೊಡ್ಡಪ್ಪನಿಗಿಂತ ಹದಿನೇಳು ಹದಿನೆಂಟು ವರ್ಷಕ್ಕೆ ಚಿಕ್ಕವಳು. ಯಾವ ಲೆಕ್ಕ ಹಿಡಿದರೂ ಕೂಡುವುದಿಲ್ಲ. ಅವನು ಮಾತ್ರ ಬಿಡದೆ ಎಣಿಸಿದ, ಕೊನೆಗೆ ತಲೆಯೆತ್ತಿದ.

"ನಮ್ಮಪ್ಪನಿಗೆ ಅವ್ವ ಅಂದ್ರೆ ನಂಗೆ ಅಜ್ಜಿ" ಎಂದ. "ಅವ್ಳ ಮಗಳು ನೀನು ಅಂದ್ರೆ, ನಮ್ಮಪ್ಪನ ತಂಗಿ." ಒಂದು ಸಲ ಬಿಕ್ಕಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾವತ್ತೂ ದೇವೀರಿ ಎಂದೇ ಕರೆಯುತ್ತಿದ್ದವನು ಹೊಸಿಲ ಆಚೆಯಿಂದ ಕೇಳಿದ.

"ಅತ್ತೆ, ಒಳಗೆ ಬರ್ಲಾ?"